ಮೂರನೆಯ ಸೆನ್ಸರ್

ಸೈಲೆನ್ಸರ್ ಪೈಪಿನ ಬುಡದಲ್ಲಿ ಹೆಬ್ಬೆರಳು ಗಾತ್ರದ ಒಂದು ಸಾಮಾನು ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಅದು ಕೆಟ್ಟ ಮೇಲೆ. ಆಕ್ಸಿಜನ್ ಸೆನ್ಸರ್ ಎನ್ನುತ್ತಾರೆ. ಹೊರಗೆ ಹೋಗುವ ಹೊಗೆಯನ್ನು ನೋಡಿ, ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಂಜಿನ್ನಿಗೆ ಚಾಡಿ ಹೇಳುವುದು ಅದರ ಕೆಲಸ. ಅದು ಕೆಟ್ಟರೆ ಗಾಡಿ ನಿಂತುಬಿಡುವುದಿಲ್ಲ. ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಇಂಜಿನ್ನು ಪೆಟ್ರೋಲು ಕುಡಿಯುವುದು ಜಾಸ್ತಿಯಾಗುತ್ತದೆ, ಹೊಗೆಯ ಘಾಟು ಮೂಗಿಗೆ ಅಡರುತ್ತದೆ.

ನನ್ನದು ಪೆಟ್ರೋಲ್ ಇಂಜಿನ್ನಿನ ಹಳೆಯ ಮಿನಿ ಟ್ರಕ್ಕು. ಬೆಳಗಿನ ಜಾವ ದೇವನೂರಿನ ಮನೆ ಬಿಟ್ಟು, ತಿ. ನರಸೀಪುರದ ನಾಲೆ ಬಯಲಿನ ತೋಟಗಳಲ್ಲಿ ಬಾಳೆಎಲೆ ಕಟ್ಟುಗಳನ್ನು ತುಂಬಿಕೊಂಡು, ಹೋಟೆಲುಗಳು ಒಲೆ ಹಚ್ಚುವ ಹೊತ್ತಿಗೆ ನಂಜನಗೂಡಿನಲ್ಲಿ ಇಳಿಸಬೇಕು. ತಡವಾದರೆ ಎಲೆ ಬಾಡುತ್ತದೆ, ಎಲೆ ಬಾಡಿದರೆ ಹೋಟೆಲಿನವರ ಮುಖ ಬಾಡುತ್ತದೆ. ಆ ಗಾಡಿ ಒಂದು ದಿನವೂ ನನ್ನ ಕೈ ಬಿಟ್ಟದ್ದಿಲ್ಲ. ಅದಕ್ಕೆ ಕಾರಣ ಗಾಡಿಯಲ್ಲ, ನರಸೀಪುರದ ಮೆಕ್ಯಾನಿಕ್ಕು.

ಅರವತ್ತು ದಾಟಿದ ಆ ಮನುಷ್ಯನನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಗಾಡಿ ತಂದು ನಿಲ್ಲಿಸಿದ ಕೂಡಲೇ ಸ್ಪ್ಯಾನರು ಹಿಡಿಯುವ ಜಾತಿಯಲ್ಲ ಅವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಐದು ನಿಮಿಷ ಕೇಳಿ, "ಇದ್ಕೇನೂ ಆಗಿಲ್ಲ, ನಿಂಗೇ ಗಾಬ್ರಿ. ಓಗು, ಎಲೆ ಬಾಡ್ತದೆ" ಎಂದು ಎಷ್ಟೋ ಸಲ ಬರಿಗೈಲಿ ಕಳಿಸಿದ್ದಾರೆ. ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವ ಮೆಕ್ಯಾನಿಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಸಲ ಹಳದಿ ದೀಪ ಬಂದಾಗ ಅಣ್ಣನೇ ಹೊಸ ಸೆನ್ಸರ್ ಹಾಕಿಕೊಟ್ಟರು. ದೀಪ ಹೋಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಅವರ ಮುಖ ಸಣ್ಣದಾಯಿತು. ಇನ್ನೊಂದು ಹಾಕಿದರು, ನಾನು ಕೈ ಜೇಬಿಗೆ ಹಾಕಿದರೆ ಬೇಡ ಎಂದು ತಲೆಯಾಡಿಸಿದರು. ಅದೂ ಎರಡು ತಿಂಗಳಿಗೇ ಹೋಯಿತು.

ನನ್ನ ಸಿಟ್ಟು ಹುಟ್ಟಿನಿಂದ ಬಂದದ್ದು. ಮೂಗಿನ ತುದಿಯಲ್ಲಿ ಕೂತಿರುತ್ತದೆ ಎಂದು ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ. ಮೂರನೇ ಸಲ ದೀಪ ಹೊತ್ತಿದ ದಿನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದವನೇ, ನಾಲ್ಕು ಜನ ಗಿರಾಕಿಗಳ ಎದುರಿಗೆ, "ಡೂಪ್ಲಿಕೇಟ್ ಮಾಲು ಹಾಕಿ ಹಾಕಿ ನನ್ ಗಾಡಿನೇ ಹಾಳ್ ಮಾಡ್ಬುಟ್ರಿ ನೀವು" ಎಂದು ಕೂಗಾಡಿದೆ. ಅಣ್ಣ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಒಂದು ಮಾತು ತಿರುಗಿ ಆಡಲಿಲ್ಲ. ಅದನ್ನು ತಪ್ಪೊಪ್ಪಿಗೆ ಎಂದುಕೊಂಡ ಬುದ್ಧಿವಂತ ನಾನು. ಅಷ್ಟಕ್ಕೇ ಸುಮ್ಮನಾಗದೆ, ನಂಜನಗೂಡಿನ ಗೂಡ್ಸ್ ಗಾಡಿ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ಇದನ್ನೇ ಎಲ್ಲರಿಗೂ ಸಾರಿದೆ. ಮೆಕ್ಯಾನಿಕ್ಕಿಗೆ ಹೆಸರೇ ಬಂಡವಾಳ ಎಂದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದೇ ಹೇಳಿದೆ.

ಮುಂದಿನ ತಿಂಗಳು ಗಾಡಿಗೆ ಎಫ್‌ಸಿ ಮಾಡಿಸಬೇಕಿತ್ತು. ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟು ಅದು; ಹೊಗೆ ಟೆಸ್ಟಿನಲ್ಲಿ ಫೇಲಾದರೆ ರಸ್ತೆಗಿಳಿಸುವ ಹಾಗಿಲ್ಲ. ಮತ್ತೊಂದು ಸೆನ್ಸರ್ ಹಾಕಿಸುವುದೋ ಬೇಡವೋ? ಸ್ಟ್ಯಾಂಡಿನಲ್ಲಿ ಸಲಹೆಗೆ ಬರವಿಲ್ಲ. ದೀಪದ ಮೇಲೆ ಕಪ್ಪು ಟೇಪು ಅಂಟಿಸು ಎಂದ ಒಬ್ಬ. ವೈರನ್ನೇ ಕತ್ತರಿಸಿಬಿಡು ಎಂದ ಇನ್ನೊಬ್ಬ. ನಂಜನಗೂಡಿನ ಒಂದು ಗ್ಯಾರೇಜಿನಲ್ಲಿ ಕಂಪ್ಯೂಟರ್ ಸಿಕ್ಕಿಸಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಎಂದರು. ಯಾಕೆ ಹೋಗುತ್ತಿದೆ ಎಂದು ಕೇಳಿದೆ. ಅದನ್ನು ಕಂಪ್ಯೂಟರ್ ಹೇಳುವುದಿಲ್ಲವಂತೆ.

ಮನೆಯಲ್ಲಿ ಹೆಂಡತಿ ಮುದ್ದೆ ಬಡಿಸುತ್ತ, "ಸಿಟ್ನಲ್ಲಿ ಕುಯ್ದ ಮೂಗು ಸಾಂತಿ ಬಂದಾಗ ಅಂಟ್ಕಂಡದಾ? ಆವಣ್ಣ ಒಂದ್ ದಿನಾನಾದ್ರೂ ನಿಮ್ಗೆ ಮೋಸ ಮಾಡಿದ್ದುಂಟಾ?" ಎಂದಳು. ಸಾರು ಉಪ್ಪಾಗಿದೆ ಎಂದು ರೇಗಿ ಎದ್ದೆ.

ಹೀಗೆ ಹಟ ಹಿಡಿದು ಕೂತಿರುವಾಗ ಅಣ್ಣನೇ ಫೋನು ಮಾಡಿದರು. ನಮ್ಮ ಕಡೆ ಎದುರಿಗಿರುವವರ ಹೆಸರು ಏನೇ ಇರಲಿ, ಕರೆಯುವುದು ಶಿವಾ ಎಂದೇ. "ಸಿವಾ, ಭಾನುವಾರ ಬಾ. ಇನ್ನೊಂದು ಸೆನ್ಸರ್ ತರ್ಸಿವ್ನಿ, ಆಕ್ಕೊಡ್ತೀನಿ. ಆದ್ರೆ ಸೋಮವಾರ ಲೋಡಿನ್ ಜೊತೆ ನಾನೂ ಬತ್ತೀನಿ. ಒಂದ್ ದಿನ ನೀನು ಎಂಗೆ ಓಡಿಸ್ತೀಯ ನೋಡ್ಬೇಕು" ಎಂದರು. ನನ್ನ ಡ್ರೈವಿಂಗಿಗೆ ಇವರು ಪರೀಕ್ಷೆ ಮಾಡುತ್ತಾರೋ ಎಂದು ಮೈ ಉರಿಯಿತು. ಆದರೂ ಹೋದೆ. ಸದಾ ಮೂರು ನಾಲ್ಕು ಗೂಡ್ಸ್ ಗಾಡಿ ನಿಂತಿರುತ್ತಿದ್ದ ಶೆಡ್ಡಿನ ಮುಂದೆ ಆ ಭಾನುವಾರ ಒಂದು ಸ್ಕೂಟರು ಮಾತ್ರ ಇತ್ತು. ನಮ್ಮ ಸ್ಟ್ಯಾಂಡಿನ ಒಂದು ಗಾಡಿಯೂ ಇರಲಿಲ್ಲ. ಅಣ್ಣ ಹಳೆಯದನ್ನು ಬಿಚ್ಚಿ ಹೊಸ ಸೆನ್ಸರ್ ಹಾಕುವ ತನಕ ನಾನು ಬೇರೆ ಕಡೆ ನೋಡುತ್ತ ಕೂತೆ.

ಸೋಮವಾರ ಅಣ್ಣ ಒಗೆದ ಬಿಳಿ ಅಂಗಿ ತೊಟ್ಟು, ಮಡಿಲಲ್ಲಿ ಒಂದು ನ್ಯೂಸ್‌ಪೇಪರ್ ಪೊಟ್ಟಣ ಇಟ್ಟುಕೊಂಡು ನನ್ನ ಪಕ್ಕ ಕೂತರು. ನರಸೀಪುರದಿಂದ ನಂಜನಗೂಡಿನ ತನಕ, ಗೇರು ಬದಲಿಸುವಾಗ ನನ್ನ ಕೈ ನೋಡಿದರು, ಉಬ್ಬು ಬಂದಾಗ ಇಂಜಿನ್ನಿನ ಸದ್ದು ಕೇಳಿದರು. ದೀಪ ಹೊತ್ತಲಿಲ್ಲ. ಹೋಟೆಲುಗಳಿಗೆ ಎಲೆ ಇಳಿಸಿದ್ದಾಯಿತು. ಅಣ್ಣ ಇಳಿದು ಬಸ್ಸಿಗೆ ಹೋಗುತ್ತಾರೆ ಎಂದುಕೊಂಡೆ, ಇಳಿಯಲಿಲ್ಲ. ನಾನು ಎಂದಿನಂತೆ ಹೊಳೆಯ ಕಡೆ ತಿರುಗಿಸಿದೆ.

ಸೋಮವಾರ ಎಲೆ ಇಳಿಸಿದ ಮೇಲೆ ಗಾಡಿಗೆ ಕಪಿಲೆಯಲ್ಲಿ ಸ್ನಾನ. ಅದು ಒಂದು ವರ್ಷದಿಂದ ನಾನು ಹಿಡಿದ ಪದ್ಧತಿ. ಜನ ಸ್ನಾನ ಮಾಡುವ ಜಾಗದಿಂದ ದೂರ, ದಡ ಇಳಿಜಾರಾಗಿರುವ ಕಡೆ ಚಕ್ರ ಮುಳುಗುವಷ್ಟು ನೀರಿಗೆ ಇಳಿಸಿ, ಬಕೀಟಿನಲ್ಲಿ ಎತ್ತಿ ಎತ್ತಿ ಅಡಿಯಿಂದ ಮುಡಿಯ ತನಕ ತೊಳೆದು, ವಿಭೂತಿ ಹಚ್ಚಿ, ಊದುಕಡ್ಡಿ ಬೆಳಗಿ ಮನೆಗೆ ಹೊರಡುತ್ತಿದ್ದೆ. ಇಷ್ಟು ಹಳೆಯ ಗಾಡಿ ಹೀಗೆ ಹೊಳೆಯುತ್ತದಲ್ಲ ಎಂದು ಸ್ಟ್ಯಾಂಡಿನವರು ಹೇಳಿದರೆ ನನಗೆ ಎಲ್ಲಿಲ್ಲದ ಹೆಮ್ಮೆ.

ಮುಂದಿನ ಚಕ್ರ ನೀರಿಗೆ ತಾಗುವಷ್ಟರಲ್ಲಿ ಅಣ್ಣ ಕೈ ಚಾಚಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದರು.

"ಏನಣ್ಣ?" ಎಂದೆ.

"ದಿನಾ ಇಂಗೇನಾ?"

"ಸೋಮವಾರ ಮಾತ್ರ."

"ಬಂದ ತಕ್ಷಣಾನಾ? ವಸಿ ನಿಲ್ಸಲ್ವಾ?"

"ನಿಲ್ಲಿಸೋಕೆ ಟೈಮ್ ಎಲ್ಲಿ ಅಣ್ಣ?"

ಅವರು ಇಳಿದರು. ಬೊಗಸೆಯಲ್ಲಿ ನೀರು ತಂದು ಸೈಲೆನ್ಸರಿನ ಹಿಂಭಾಗಕ್ಕೆ, ಸೆನ್ಸರಿನಿಂದ ದೂರಕ್ಕೆ, ಚಿಮುಕಿಸಿದರು. ಚೊಂಯ್ ಎಂದು ಆವಿ ಎದ್ದಿತು. ಆಮೇಲೆ ಪೊಟ್ಟಣ ಬಿಚ್ಚಿದರು. ನನ್ನ ಗಾಡಿಗೆ ತಾವೇ ಹಾಕಿ, ಕೆಟ್ಟ ಮೇಲೆ ಬಿಚ್ಚಿದ್ದ ಎರಡು ಸೆನ್ಸರುಗಳನ್ನೂ ಕೂತು ಸೀಳಿದ್ದರು. ಒಳಗಿನ ಬಿಳಿ ಪಿಂಗಾಣಿ ಕಡ್ಡಿ ಎರಡರಲ್ಲೂ ಒಂದೇ ಥರ ಸೀಳು ಬಿಟ್ಟಿತ್ತು, ಉರಿಯುವ ಲಾಟೀನಿನ ಗಾಜಿಗೆ ನೀರು ಬಿದ್ದರೆ ಬಿಡುವ ಹಾಗೆ.

"ಒಂದು ಒಡ್ದಿದ್ರೆ ಮಾಲು ಸರಿಯಿಲ್ಲ ಅನ್ಬೋದು. ಎಲ್ಡೂ ಇಂಗೇ ಒಡ್ದವೆ ಅಂದ್ರೆ ಕೆಂಡದಂಗೆ ಕಾದಿರೋವಾಗ ತಣ್ಣೀರು ಬೀಳ್ತದೆ ಅಂತ ಲೆಕ್ಕ. ಎಲ್ಲಿ ಬೀಳ್ತದೆ ಅಂತ ಗೊತ್ತಾಗಿರ್ನಿಲ್ಲ. ಕೇಳಾನ ಅಂದ್ರೆ ನಿಂಗೆ ಕ್ವಾಪ. ಅದ್ಕೇ ಬಂದೆ" ಎಂದರು. ಆಮೇಲೆ ಕೇಳಿದರು: "ಉತ್ತು ಬಂದ ಎತ್ತುಗಳ್ನ ಬೆವರು ಆರ್ದೆ ನೀರಿಗೆ ಇಳಿಸ್ತಿದ್ರಾ ಸಿವಾ ನಿಮ್ಮಪ್ಪ?"

ನಾನು ಹಾಗೆ ಇಳಿಸಿದ್ದರೆ ಅಪ್ಪ ಬಾರುಕೋಲಿನಿಂದ ನನ್ನನ್ನೇ ಬಡಿಯುತ್ತಿದ್ದ. ಎತ್ತುಗಳ ನೊಗ ಬಿಚ್ಚಿ, ನೆರಳಿಗೆ ಕಟ್ಟಿ, ಮೈ ಮುಟ್ಟಿ ನೋಡಿ ಆಮೇಲೆ ಕೆರೆಗೆ ಹೊಡೆದುಕೊಂಡು ಹೋಗುವುದು ನನಗೆ ಹತ್ತು ವರ್ಷಕ್ಕೇ ಗೊತ್ತಿತ್ತು. ಕಬ್ಬಿಣಕ್ಕೂ ಬೆವರು ಆರಬೇಕು ಎಂದು ಮಾತ್ರ ಹೊಳೆಯಲಿಲ್ಲ. ಪ್ರೀತಿಯಿಂದ ಸ್ನಾನ ಮಾಡಿಸಿ ಮಾಡಿಸಿ ಗಾಡಿಯನ್ನು ಕೆಡಿಸಿದ್ದು ನಾನು, ಊರ ತುಂಬ ಕೆಟ್ಟ ಹೆಸರು ಹೊತ್ತದ್ದು ಇವರು. ನನಗೆ ನಾಚಿಕೆಯಾಯಿತು, ನೆಲ ಬಿರಿಯಬಾರದೇ ಅನ್ನಿಸಿತು.

"ಅರ್ಧ ಗಂಟೆ ನಿಲ್ಸಿ ತೊಳಿ, ಮೇಲ್ಗಡೆ ಮಾತ್ರ. ನೀರಿಗೆ ಇಳಿಸ್ಬ್ಯಾಡ. ಇದು ಇನ್ನು ಬಾಳ್ಕೆ ಬತ್ತದೆ" ಎಂದು ಅಣ್ಣ ಬಸ್ಸಿಗೆ ಹೊರಟರು. ಗೆದ್ದವರ ಗತ್ತು ಮುಖದಲ್ಲಿ ಇರಲಿಲ್ಲ. ಲೆಕ್ಕ ಬಿಡಿಸಿದ ಮೇಷ್ಟರ ಸಮಾಧಾನವಷ್ಟೇ ಇತ್ತು. ನಾನು ಬಿಡಲಿಲ್ಲ, ಕೈ ಹಿಡಿದು ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಟೀ ಅಂಗಡಿಯ ಮುಂದೆ ಏಳೆಂಟು ಜನ ಡ್ರೈವರುಗಳಿದ್ದರು. ಬೈಯುವಾಗ ಕೂಗಿದಷ್ಟೇ ಗಟ್ಟಿಯಾಗಿ ಇದನ್ನೂ ಹೇಳಬೇಕು ಎಂದು ಬಾಯಿ ತೆರೆದೆ. "ಕೇಳ್ರಪ್ಪ, ಅಣ್ಣ ಹಾಕಿದ್ದು ಡೂಪ್ಲಿಕೇಟ್ ಅಲ್ಲ. ಕಾದ ಗಾಡಿನ ಹೊಳೆಗಿಳಿಸಿ ಸೆನ್ಸರ್ ಒಡ್ದೋನು ನಾನು."

ನನಗಿಂತ ಹಿರಿಯ ಡ್ರೈವರೊಬ್ಬರು ಗೊಂದಲದಿಂದ ಅಣ್ಣನ ಕಡೆ ನೋಡಿದರು. "ಅಲ್ಲ ಅಣ್ಣೋ, ಓದ್ ವಾರ ನಾನು ನಿಮ್ಗೆ ಫೋನ್ ಮಾಡಿ ಡೂಪ್ಲಿಕೇಟ್ ವಿಸ್ಯ ನಿಜವಾ ಅಂತ ಕೇಳ್ದಾಗ, ತಪ್ಪು ನಂದೇ ಅಂದ್ರಲ್ಲ ನೀವು?"

ಅಣ್ಣ ಸೆನ್ಸರುಗಳ ಪೊಟ್ಟಣವನ್ನು ಜೇಬಿಗಿಟ್ಟುಕೊಂಡರು. "ಕಾರಣ ಸಿಗೋ ಗಂಟ, ಗಾಡಿ ಬಿಚ್ಚಿ ಕಟ್ದೋನ್ದೇ ತಪ್ಪು ಕಣಪ್ಪ" ಎಂದರು.

ಆ ಹಿರಿಯ ಡ್ರೈವರು ತಮ್ಮ ಗಾಡಿಯ ಬಾಗಿಲು ತೆಗೆದು, "ಬಸ್ಸಿಗ್ಯಾಕೆ ಓಯ್ತೀರಿ, ಅತ್ತಿ. ನನ್ ಗಾಡಿನೂ ವಸಿ ನೋಡ್ಬೇಕು ನೀವು" ಎಂದರು. ಅಣ್ಣ ಹತ್ತಿ ಕೂತರು. ಗಾಡಿ ನರಸೀಪುರದ ರಸ್ತೆಗೆ ತಿರುಗುವ ತನಕ ನಾನು ಅಲ್ಲೇ ಕೈ ಮುಗಿದು ನಿಂತಿದ್ದೆ.