ತೆನ್ಮೊಳಿ ಹತ್ತಿದರೆ ನಿಲ್ಲುವ ಬೈಕು

ಒಂದು ಹಳೇ ಬೈಕು ದಾರಿಯಲ್ಲಿ ನಿಂತದ್ದಕ್ಕೆ ಮನೆಗೆ ಬಂದ ಸೊಸೆಯ ಕಾಲ್ಗುಣ ಸರಿಯಿಲ್ಲ ಅಂತ ತೀರ್ಪು ಕೊಟ್ಟ ಜನರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆನೆಸಿಕೊಂಡರೆ ಇವತ್ತಿಗೂ ಹೇಸಿಗೆಯಾಗುತ್ತದೆ. ನನಗೆ ಬಾಯಿ ಜಾಸ್ತಿ ಅಂತ ನಮ್ಮ ಯಜಮಾನರು ಬೈಯುತ್ತಾರೆ, ಬೈಯಲಿ.

ಕರುಮತ್ತಂಪಟ್ಟಿಯಲ್ಲಿ ಕನ್ನಿಯಮ್ಮಾಳ್ ಎಂಬಾಕೆಯ ಮಹಡಿ ಮನೆಯಲ್ಲಿ ನಾವು ಬಾಡಿಗೆಗಿದ್ದೇವೆ. ನಮ್ಮೂರು ಚನ್ನರಾಯಪಟ್ಟಣ, ಯಜಮಾನರಿಗೆ ಇಲ್ಲಿನ ನೂಲಿನ ಮಿಲ್ಲಿನ ಆಫೀಸಿನಲ್ಲಿ ಕೆಲಸ. ಕೆಳಗಿನವರೂ ಕನ್ನಡದವರೇ, ತಲೆಮಾರುಗಳಿಂದ ಇಲ್ಲಿ ನೆಲೆ ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ ಲಿಂಗಪ್ಪನ್ ಪವರ್‌ಲೂಮ್ ಶೆಡ್ಡು ನಡೆಸುತ್ತಾನೆ. ಸೊಸೆ ತೆನ್ಮೊಳಿ ಪಲ್ಲಡದ ಹುಡುಗಿ. ಮದುವೆಗೆ ಮೊದಲು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮಾಡುತ್ತಿದ್ದಳು. ಹೊಲಿದ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೂತು, ಕಲೆ ಹುಡುಕುವ ಕೆಲಸ. ಮನೆಗೆ ಬಂದ ಸೊಸೆ ಕೆಲಸಕ್ಕೆ ಹೋಗಬಾರದು ಅಂದರು, ಬಿಟ್ಟಳು. ಮಾತು ಕಮ್ಮಿ, ನೋಟ ಜಾಸ್ತಿ.

ಪ್ರತಿ ಶುಕ್ರವಾರ ಬೆಳಿಗ್ಗೆ ಕನ್ನಿಯಮ್ಮಾಳ್ ಮಗನ ಬೈಕನ್ನು ಒರೆಸಿ ಪೂಜೆ ಮಾಡುತ್ತಾಳೆ. ಹೆಡ್‌ಲೈಟಿಗೆ, ಹ್ಯಾಂಡಲ್‌ಗೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ತೇದ ಗಂಧ, ಅದರ ಮೇಲೆ ಕುಂಕುಮ. ಸಂಜೆ ಲಿಂಗಪ್ಪನ್ ಹೆಂಡತಿಯನ್ನು ಕೂರಿಸಿಕೊಂಡು ದೂರದ ಅಮ್ಮನ ಗುಡಿಗೆ ಹೊರಡುತ್ತಿದ್ದ. ಅರ್ಧ ದಾರಿಯಲ್ಲಿ ಬೈಕು ಎರಡು ಸಲ ಮುಗ್ಗರಿಸಿ ಆಫ್ ಆಗುತ್ತಿತ್ತು. ಇಳಿದು, ಮುಚ್ಚಳ ತೆಗೆದು, ಪೆಟ್ರೋಲ್ ಇದೆಯಾ ಅಂತ ಅಲುಗಿಸಿ ನೋಡಿ, ಮುಚ್ಚಿ ಒದ್ದರೆ ಏನೂ ಆಗೇ ಇಲ್ಲವೇನೋ ಅನ್ನುವಂತೆ ಶುರುವಾಗುತ್ತಿತ್ತು. ವಾರವೆಲ್ಲ ಅವನೊಬ್ಬನೇ ಮನೆಯಿಂದ ಹತ್ತಿರದ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ ಓಡಾಡುವಾಗ ಯಾವ ತೊಂದರೆಯೂ ಇರಲಿಲ್ಲ. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ವೈರೆಲ್ಲ ಎಳೆದು ನೋಡಿದ. ಶುಕ್ರವಾರ ಬಂತು, ಬೈಕು ನಿಂತಿತು.

ಒಂದು ಸಲ ಹೆದ್ದಾರಿಯ ಮಧ್ಯದಲ್ಲೇ ನಿಂತು, ಹಿಂದಿನ ಲಾರಿಯವನು ಕೂದಲೆಳೆಯಲ್ಲಿ ತಪ್ಪಿಸಿದ. ತೆನ್ಮೊಳಿ ಬಿದ್ದು ಮೊಣಕಾಲು ತರಚಿ ಸೀರೆಯೆಲ್ಲ ರಕ್ತ. ಮನೆಗೆ ಬಂದಾಗ ಕನ್ನಿಯಮ್ಮಾಳ್ ಮೊದಲು ತಡವಿದ್ದು ಬೈಕನ್ನು. ಆಮೇಲೆ ಸೊಸೆಯ ಕಡೆ ತಿರುಗಿ, ರಾಸಿಯಿಲ್ಲದವಳು ಅಂದಳು. ಹಾಗಂದರೆ ದರಿದ್ರದವಳು ಅಂತ. ಥೂ, ಆ ಬಾಯಿಗೆ ಏನನ್ನಬೇಕು? ಯಾವನೋ ಜೋಯಿಸ ಹೌದೌದು ಅಂತ ತಲೆಯಾಡಿಸಿದ. ತೆನ್ಮೊಳಿಯನ್ನು ತವರಿಗೆ ಬಿಟ್ಟು ಬರುವುದು, ಆಮೇಲೆ ಕರೆಸಿಕೊಳ್ಳಬೇಕೋ ಬೇಡವೋ ನೋಡುವುದು ಅಂತಾಯಿತು. ಶುಕ್ರವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸಿದರೆ ಲಕ್ಷ್ಮಿ ಹೋಗಿಬಿಡುತ್ತಾಳಂತೆ, ಅದಕ್ಕೆ ಭಾನುವಾರ. ಲಕ್ಷ್ಮಿಯ ಮೇಲಿರುವ ಮರ್ಯಾದೆಯ ಕಾಲು ಭಾಗ ಆ ಹುಡುಗಿಯ ಮೇಲಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಆಯಮ್ಮ ಬೈಕಿಗೆ ಹೊಸದಾಗಿ ಗಂಧ ಮೆತ್ತಿದಳು, ಕರ್ಪೂರ ಹಚ್ಚಿದಳು. ಆಮೇಲೆ ಮಹಡಿ ಹತ್ತಿ ಬಂದು, ತೆನ್ಮೊಳಿ ಬೈಕು ಹತ್ತುವುದು ಬೇಡ, ನಿಮ್ಮ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಅಂತ ನನ್ನನ್ನು ಕೇಳಿದಳು. ಮುಖಕ್ಕೆ ಉಗಿಯಬೇಕು ಅನ್ನಿಸಿತು. ಹುಡುಗಿ ಒಂಟಿಯಾಗುತ್ತಾಳಲ್ಲ ಅಂತ ಒಪ್ಪಿಕೊಂಡೆ. ಲಿಂಗಪ್ಪನ್ ಅವಳ ಬ್ಯಾಗನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಮುಂದೆ ಹೊರಟ. ನಾವಿಬ್ಬರೂ ಹಿಂದೆ.

ಕಾರಣಂಪೇಟೆ ದಾಟಿದ ಮೇಲೆ ಅವನ ಬೈಕು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು.

ನನಗೆ ಕುಣಿಯುವಷ್ಟು ಖುಷಿ. ತೆನ್ಮೊಳಿ ನನ್ನ ಹಿಂದೆ ಕೂತಿದ್ದಾಳೆ, ಬೈಕು ಅಲ್ಲಿ ಸತ್ತು ನಿಂತಿದೆ. ಈಗೇನಂತೀಯಪ್ಪಾ ಅಂತ ಕೇಳಿದೆ. ಲಿಂಗಪ್ಪನ್ ತಲೆ ಕೆರೆದುಕೊಂಡು ಹೇಳಿದ: "ಇವಳ ಬ್ಯಾಗು ಅದ್ರ ಮೇಲೈತಲ್ಲಾ ಅಕ್ಕಾ."

ಇವನು ಓದಿದವನು, ದಿನವೂ ಮಗ್ಗ ರಿಪೇರಿ ಮಾಡುವವನು! ತೆನ್ಮೊಳಿ ಇಳಿದು ಹೋಗಿ ಕೀಲಿ ಕೇಳಿದಳು. ಪ್ರತಿ ಸಲವೂ ಮುಚ್ಚಳ ತೆಗೆದ ಮೇಲೆಯೇ ಬೈಕು ಶುರುವಾಗುವುದನ್ನು ಅವಳು ಗಮನಿಸಿದ್ದಳು. ಮೆಲ್ಲಗೆ ಮುಚ್ಚಳ ತಿರುಗಿಸಿದಳು. ಟ್ಯಾಂಕು ಸ್ಸ್ ಅಂತ ಗಾಳಿ ಎಳೆದುಕೊಂಡಿತು. ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟಳು. ಅದರಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು, ಅದರ ತುಂಬ ಗಂಧ. ಒಳಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಕೆಳಗಿಳಿಯುವುದು ಹೇಗೆ? ಶೆಡ್ಡಿನಷ್ಟು ಹತ್ತಿರಕ್ಕಾದರೆ ಹೇಗೋ ಓಡುತ್ತದೆ, ದೂರ ಹೋದರೆ ನಿಲ್ಲುತ್ತದೆ. ಸೀರೆಯ ಪಿನ್ನಿನಿಂದ ತೂತು ಬಿಡಿಸಿ, ಮುಚ್ಚಳ ಹಾಕಿ, ಬ್ಯಾಗು ಅಲ್ಲೇ ಇರಲಿ, ಸುತ್ತಿ ಬನ್ನಿ ಅಂತ ಗಂಡನನ್ನು ಕಳಿಸಿದಳು. ಅವನು ಪಲ್ಲಡದ ಹತ್ತಿರದವರೆಗೂ ಹೋಗಿ ತಿರುಗಿ ಬಂದ. ಬೈಕು ಎಲ್ಲೂ ನಿಲ್ಲಲಿಲ್ಲ.

ಈಗಲಾದರೂ ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆ. ಅವನು ಹೆಂಡತಿಗೆ ಅಂದದ್ದೇ ಬೇರೆ.

"ಅಮ್ಮಂಗೆ ಇದ ಹೇಳಬೇಡ. ತಾನಿಟ್ಟ ಸಂದನದಿಂದ ಅಂದ್ರೆ ನೊಂದ್ಕತ್ತಾಳೆ. ಮೆಕ್ಯಾನಿಕ್ ಸರಿ ಮಾಡ್ದ ಅನ್ನಾಣ. ಬಾ, ಮನೆಗೆ ಹೋಗಾಣ."

"ಹಂಗಾದ್ರೆ ನಾನು ರಾಸಿಯಿಲ್ಲದವಳಾಗೇ ಇರಬೇಕಾ?"

"ಕೊಂಚ ಅಡ್ಜಸ್ಟ್ ಮಾಡ್ಕ."

ತೆನ್ಮೊಳಿ ಬ್ಯಾಗಿನ ಹಗ್ಗ ಬಿಚ್ಚಿ ತಂದು ನನ್ನ ಸ್ಕೂಟರಿನಲ್ಲಿಟ್ಟಳು. "ವಂಡಿ ಸರಿಯಾಯ್ತಲ್ಲ, ನೀವು ಹೋಗಿ. ನನ್ನ ಕರೀಬೇಕಂದ್ರೆ ಅತ್ತೆನ ಹಿಂದೆ ಕೂರಿಸ್ಕಂಡು ಬನ್ನಿ" ಅಂದಳು. ಅವಳನ್ನು ಪಲ್ಲಡದ ತವರಿನ ಬಾಗಿಲವರೆಗೂ ಬಿಟ್ಟೆ.

ಸಂಜೆ ಬಂದವಳೇ ಕನ್ನಿಯಮ್ಮಾಳ್ ಮುಂದೆ ಎಲ್ಲ ಒದರಿದೆ. ಸಾಮಿ ಗಂಧಕ್ಕೆ ಬೈಕು ನಿಲ್ಲುತ್ತದಾ ಅಂತ ಆಯಮ್ಮ ನಕ್ಕಳು. ನೀನೇ ಹೇಳಪ್ಪ ಅಂತ ಲಿಂಗಪ್ಪನ್‌ನನ್ನು ಕರೆದೆ. ಅವನು ನನ್ನ ಮುಖ ನೋಡದೆ, ಮೆಕ್ಯಾನಿಕ್ ಸರಿ ಮಾಡಿದ ಅಂದ.

ಮುಂದಿನ ಶುಕ್ರವಾರ ಆಯಮ್ಮ ಬೈಕಿಗೆ ಗಂಧವಿಡುತ್ತಾ ನನ್ನನ್ನು ಕೂಗಿದಳು. "ನೋಡಿದ್ರಾ ರಾಜಮ್ಮ, ಅವಳು ಹೋದ ಮೇಲೆ ವಂಡಿ ಒಂದ್ಸಲಾನೂ ನಿಂತಿಲ್ಲ."

ಲಿಂಗಪ್ಪನ್ ಪಕ್ಕದಲ್ಲೇ ನಿಂತಿದ್ದ. ಅಮ್ಮ ಆರತಿ ತಟ್ಟೆ ಹಿಡಿದು ಒಳಗೆ ಹೋದಳು. ಅವನು ಒಂದು ಪೊರಕೆಕಡ್ಡಿ ಮುರಿದು, ಬಾಗಿಲ ಕಡೆ ನೋಡಿಕೊಂಡು, ಮುಚ್ಚಳದ ತೂತಿನಿಂದ ಗಂಧ ಕೆದಕಿ ತೆಗೆದ.