ನಾಚಿಕೆ ಎಂದು ಹೆಸರಿಟ್ಟವರು

ಅದು ತೊಂಬತ್ತೆಂಟನೇ ಇಸವಿಯೋ ತೊಂಬತ್ತೊಂಬತ್ತೋ ಖಚಿತವಿಲ್ಲ. ಡಾಕ್ಟರ್ ನಕ್ಕರೆಂಬುದೂ ನನ್ನ ಕಲ್ಪನೆಯಿರಬಹುದು. ಜಯನಗರದ ಆ ಕ್ಲಿನಿಕ್ಕಿನಲ್ಲಿ ಕಾಯಿಲೆ ಏನೆಂದು ಎಲ್ಲರೆದುರು ಕೌಂಟರಿನಲ್ಲಿ ಹೇಳಿ ಚೀಟಿ ಬರೆಸಬೇಕಿತ್ತು. ಹಾಗಾಗಿ ನನ್ನ ಅಕ್ಕ ಜನನಾಂಗದ ಹುಣ್ಣನ್ನು ಮೂರು ತಿಂಗಳು ‘ಹೊಟ್ಟೆನೋವು’ ಎಂದೇ ಬರೆಸಿ, ಹೊಟ್ಟೆಯ ಮಾತ್ರೆ ನುಂಗಿದ್ದಳು. ಜ್ವರ ಏರಿದ ದಿನ ನಾನು ಜೊತೆಗಿದ್ದೆ. ಅವಳು ನಿಜ ಹೇಳಿದಾಗ ಡಾಕ್ಟರ್ ಗದರಿದರು.

“ಮೊದ್ಲೇ ಹೇಳೋಕೆ ನಾಚಿಕೆ ಏನಮ್ಮ?”

ಆಮೇಲೆ ಚೀಟಿಯಲ್ಲಿ ‘ಪುಡೆಂಡಮ್’ ಎಂದು ಬರೆದರು. ಹಾಗಂದರೇನೆಂದು ಅಕ್ಕ ಕೇಳಿದಳು.

“ಅದೇ ಜಾಗದ ಹೆಸರು, ಲ್ಯಾಟಿನ್ನು. ನಾಚಿಕೆಪಡಬೇಕಾದದ್ದು ಅಂತ.”

“ನಿಮ್ ಪುಸ್ತಕದಲ್ಲೇ ಹಂಗೆ ಬರ್ಕೊಂಡು, ನನ್ಗ್ಯಾಕೆ ಬೈತೀರ ಸಾರ್?”

ಆ ಮಾತಿಗೆ ಡಾಕ್ಟರ್ ನಕ್ಕರೆಂದೇ ನನ್ನ ನೆನಪು. ಹುಣ್ಣು ವಾಸಿಯಾಯಿತು, ನನ್ನ ಸಿಟ್ಟು ಇಳಿಯಲಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಿಘಂಟು ತೆಗೆದು ನೋಡಿದೆ. ಅರ್ಥ ಅದೇ. ಹಿಂದೆ ಆ ಪದ ಗಂಡಸರ ಅಂಗಕ್ಕೂ ಇತ್ತು. ಈಗ ಹೆಚ್ಚಾಗಿ ಹೆಂಗಸರದ್ದಕ್ಕೆ ಮಾತ್ರ.