ಕುರ್ಚಿ ಮಡಚುವ ಸದ್ದು

ಅಧ್ಯಕ್ಷತೆ ವಹಿಸುವುದೆಂದರೆ ನನಗೆ ಮೊದಲಿನಿಂದಲೂ ಒಂದು ಚಪಲ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಅದು ಇನ್ನೂ ಹೆಚ್ಚಾಗಿದೆ. ಹಿಟ್ಟಿನ ಗಿರಣಿಯ ಉದ್ಘಾಟನೆಗೆ ಕರೆದರೂ ಕಾರ್ಡು ತಿರುಗಿಸಿ 'ಅಧ್ಯಕ್ಷರ ನುಡಿ' ಎಲ್ಲಿದೆ ಎಂದು ಹುಡುಕುತ್ತೇನೆ.

ಹೀಗಾಗಿ ಅಣ್ಣನ ಮಗಳು ಸಿಂಧು ಬಂದು, "ಚಿಕ್ಕಪ್ಪ, ನಮ್ಮ ಬ್ಯಾಂಡಿನ ಮೊದಲ್ನೇ ಸಿಂಗಲ್ ಬಿಡುಗಡೆ ಐತೆ" ಎಂದಾಗ, ಅಧ್ಯಕ್ಷರು ಯಾರು ಎಂದೇ ಕೇಳಿದೆ. ಸಿಂಗಲ್ ಎಂದರೆ ಒಂದೇ ಹಾಡು, ಮೂರು ನಿಮಿಷದ್ದು, ಫೋನಿನಲ್ಲಿ ಒತ್ತಿದರೆ ಊರಿಗೆಲ್ಲ ಬಿಡುಗಡೆ ಎಂದು ಅವಳು ವಿವರಿಸಿದಳು. ಅವಳಿಗೆ ಸಮಾರಂಭವೇ ಬೇಡವಾಗಿತ್ತು. ಬೇಕಾಗಿದ್ದದ್ದು ಇಷ್ಟೇ: ಅವಳಪ್ಪ ಒಮ್ಮೆಯಾದರೂ ಕೂತು ಆ ಹಾಡನ್ನು ಪೂರ್ತಿ ಕೇಳಬೇಕು.

ಅದೇ ಕಷ್ಟ ನೋಡಿ. ನ್ಯಾಮತಿಯಲ್ಲಿ ಅಣ್ಣನದು ಶಾಮಿಯಾನದ ಅಂಗಡಿ. ಅವನು ಹೋಗದ ಸಮಾರಂಭವಿಲ್ಲ, ಕೇಳಿದ ಕಾರ್ಯಕ್ರಮವೂ ಇಲ್ಲ. ಎಂಥ ಗಾಯಕರು ಬಂದರೂ ಅವನ ಕಣ್ಣು ಕುರ್ಚಿಗಳ ಮೇಲೆ. ಯಾರು ಹತ್ತಿ ನಿಂತರು, ಯಾರು ಹಿಂದಕ್ಕೆ ವಾಲಿದರು ಎಂಬುದೇ ಚಿಂತೆ. ಮಗಳು ಗಿಟಾರ್ ಹಿಡಿದು ಕೇಳಪ್ಪ ಎಂದಾಗಲೆಲ್ಲ, ಸವಳಂಗದಲ್ಲಿ ಪೆಂಡಾಲು ಬಿಚ್ಚುವುದಿದೆ ಎಂದು ಬೈಕು ಹತ್ತುತ್ತಿದ್ದ.

ಸಮಾರಂಭ ಮಾಡಿದರೆ ಬಂದೇ ಬರುತ್ತಾನೆ, ಕುರ್ಚಿ ಅವನವೇ ತಾನೆ ಎಂದು ನಾನು ಉಪಾಯ ಹೇಳಿದೆ. ಅಂಗಡಿ ಪಕ್ಕದ ಬಯಲಿನಲ್ಲೇ ಪೆಂಡಾಲು ಎದ್ದಿತು. ಮೂರು ನಿಮಿಷದ ಹಾಡಿಗೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹೊನ್ನಾಳಿಯ ಡ್ರಮ್ ಹುಡುಗನ ಸೋದರಮಾವನಿಗೆ ಸನ್ಮಾನ, ಚನ್ನಗಿರಿಯ ಕೀಬೋರ್ಡ್ ಹುಡುಗಿಯ ತಾತನ ಹಿತನುಡಿ. ನಾನಂತೂ ಸಂಗೀತವನ್ನು ಸಾಮವೇದದಿಂದ ಹಿಡಿದುಕೊಂಡು ಹೊರಟವನು ರಾಕ್ ತಲುಪುವಷ್ಟರಲ್ಲಿ ಮುಂದಿನ ಸಾಲಿನವರು ಟವೆಲು ಕೊಡವುತ್ತಿದ್ದರು. ಸಿಂಧು ನನ್ನನ್ನು ನುಂಗುವ ಹಾಗೆ ನೋಡಿದ್ದಕ್ಕೆ ಮುಗಿಸಿದೆ.

ಕೊನೆಗೂ ಅವಳು ಫೋನು ಒತ್ತಿದಳು. ಸ್ಪೀಕರಿನಿಂದ ಮೊದಲು ಬಂದದ್ದು ಗಿಟಾರಲ್ಲ. ಠಣ್, ಠಣ್, ಠಪ್ ಎಂದು ಕಬ್ಬಿಣದ ಕುರ್ಚಿ ಮಡಚುವ ಸದ್ದು. ಅಪ್ಪನ ಗೋಡೌನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡು ಹಾಡಿಗೆ ತಾಳ ಮಾಡಿದ್ದಳು. ನಮ್ಮ ಕಡೆ ಆ ಸದ್ದು ಕೇಳಿತೆಂದರೆ ಕಾರ್ಯಕ್ರಮ ಮುಗಿಯಿತೆಂದೇ ಲೆಕ್ಕ. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಸುಳ್ಳೇಕೆ ಹೇಳಲಿ, ವೇದಿಕೆಯ ಮೇಲೆ ನಾನೂ ಎದ್ದು ಶಾಲು ಮಡಚಿಕೊಂಡೆ. ಅಯ್ಯೋ, ಆ ಹುಡುಗಿಯ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಅಣ್ಣ ಹಿಂದಿನಿಂದ ರೇಗುತ್ತ ಓಡಿಬಂದ. "ಯಾರಲೇ ಈಗ್ಲೇ ಮಡಚಾಕೆ ಹೇಳಿದ್ದು?"

ಕೆಲಸದವರು ಕೈಕಟ್ಟಿ ನಿಂತಿದ್ದರು. ಅಣ್ಣ ಅತ್ತಿತ್ತ ನೋಡಿದ, ಆಮೇಲೆ ಸ್ಪೀಕರಿನತ್ತ ಕಿವಿಗೊಟ್ಟ. "ಇದು ನಮ್ ಹಳೇ ಕುರ್ಚಿ ಕಣೋ" ಎಂದು ನನಗೆ ಹೇಳಿದವನು, ಒಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ತಾನು ಬಾಡಿಗೆಗೆ ಕೊಡುವ ಕುರ್ಚಿಯಲ್ಲಿ ಅವನು ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಾಡು ಮುಗಿಯುವಾಗ ಬಯಲಿನಲ್ಲಿ ಉಳಿದವರು ಮನೆಯವರಷ್ಟೇ. ಕೆಲಸದವರು ಕುರ್ಚಿಗೆ ಕೈಹಾಕಿದರು. ಅಣ್ಣ ಕೈಯೆತ್ತಿ ತಡೆದ.

"ಇನ್ನೊಂದ್ ಸಲ ಹಾಕು ಮಗಳೇ. ಕುರ್ಚಿ ಆಮೇಲೆ ಮಡಚಿದರಾತು."

ಸಿಂಧು ಕಣ್ಣೊರೆಸಿಕೊಂಡು ಮತ್ತೆ ಒತ್ತಿದಳು. ನಾನು ವೇದಿಕೆಯ ಮೆತ್ತನೆ ಆಸನ ಬಿಟ್ಟು ಇಳಿದು, ಅಣ್ಣನ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತೆ. ಅವನೇನೋ ಕೂತು ಕೇಳಿದ ಮೊದಲ ಕಾರ್ಯಕ್ರಮ ಅದು. ಬಾಯಿ ಮುಚ್ಚಿಕೊಂಡು ಕೂತದ್ದು ನಾನೂ ಅದೇ ಮೊದಲು.